ಹದಿನೈದು ದಿನದ ಮಟ್ಟಿಗೆ

ಗುರುಪಾದಪ್ಪನವರ ಕಷ್ಟಗಳ ಮೂಲ ಅವರ ಕೊರಳಿನಲ್ಲಿತ್ತು. ಎದುರಿಗೆ ನಿಂತವರು ಏನನ್ನಾದರೂ ಕೇಳಿದರೆ ಸಾಕು, ಮನಸ್ಸು ವಿಚಾರ ಮಾಡುವ ಮೊದಲೇ ಆ ಕೊರಳು 'ಆಗಲಿ' ಎಂಬಂತೆ ತಾನಾಗಿ ಬಾಗುತ್ತಿತ್ತು. ಬಣ್ಣದ ಕಾರ್ಖಾನೆಯೊಂದರಲ್ಲಿ ಅರ್ಧ ಆಯುಷ್ಯ ಕಾರಕೂನಿಕೆ ಮಾಡಿ, ಡೊಂಬಿವಲಿಯ ಚಾಳಿನ ನೆಲಮಹಡಿಯಲ್ಲಿ ಅವರು ಪಡೆದುಕೊಂಡಿದ್ದ ಎರಡು ಕೋಣೆಗಳಲ್ಲಿ ಹೊರಗಿನ ಖೋಲಿ ಕೈತಪ್ಪಿದ್ದೂ ಇಂಥ ಒಂದು ಬಾಗುವಿಕೆಯಿಂದಲೇ.

ಎಂಟು ತಿಂಗಳ ಹಿಂದೆ ಆ ಕ್ಷೇತ್ರದ ಶಾಸಕರು ತೀರಿಕೊಂಡರು. ತೆರವಾದ ಸ್ಥಾನಕ್ಕೆ ಉಪಚುನಾವಣೆ ಇನ್ನೇನು ಬಂದೇಬಿಟ್ಟಿತು ಎಂದು ಊರೆಲ್ಲ ಮಾತಾಡಿತು. ಆಗ ತೊಟ್ಟಿಲು ಗುರುತಿನ ಆಡಳಿತ ಪಕ್ಷದ ಸ್ಥಳೀಯ ಮುಖಂಡ ರಮಾಕಾಂತ ಬಂದು ಬಾಗಿಲಲ್ಲಿ ನಿಂತ.

"ಕಾಕಾ, ಕಚೇರಿಗೆ ನಿಮ್ಮ ಹೊರಗಿನ ಖೋಲಿ ಬೇಕು. ಬರೇ ಹದಿನೈದು ದಿನ. ಇಲೆಕ್ಷನ್ ಮುಗಿದ ಸಂಜೆ ಕೀಲಿ ನಿಮ್ಮ ಕೈಯಲ್ಲಿ."

ಕೊರಳು ಬಾಗಿತು.

ಬೆಂಚು ಬಂತು, ಕೇರಂ ಬೋರ್ಡು ಬಂತು, ಗೋಡೆಯ ತುಂಬ ತೊಟ್ಟಿಲಿನ ಚಿತ್ರಗಳು ಬಂದವು. ಕೊನೆಗೆ ಮೆರವಣಿಗೆಯಲ್ಲಿ ಕೈಗಾಡಿಯ ಮೇಲೆ ಇಟ್ಟು ತಿರುಗಿಸಲೆಂದು ಶೀಸಂ ಮರದ ನಿಜವಾದ ತೊಟ್ಟಿಲೊಂದು ಬಂದು ಖೋಲಿಯ ನಟ್ಟನಡುವೆ ಕುಳಿತಿತು. ಚುನಾವಣೆ ಮಾತ್ರ ಬರಲಿಲ್ಲ. ಆಡಳಿತ ಪಕ್ಷಕ್ಕೆ ತನ್ನ ಗೆಲುವಿನ ಬಗ್ಗೆ ಸಂಶಯ ಹುಟ್ಟಿತ್ತು. ಮಳೆಯಲ್ಲಿ ಮತದಾರರು ತೊಯ್ಯುತ್ತಾರೆಂದು ಒಮ್ಮೆ, ಗಣಪತಿಯ ಕಾಲಕ್ಕೆ ಪೋಲೀಸರಿಗೆ ಪುರಸೊತ್ತಿಲ್ಲವೆಂದು ಇನ್ನೊಮ್ಮೆ, ಮತದಾರರ ಯಾದಿಯನ್ನು ತಿದ್ದಬೇಕೆಂದು ಮತ್ತೊಮ್ಮೆ ಚುನಾವಣೆ ಮುಂದೆ ಹೋಯಿತು. ಪ್ರತಿ ಸಲ ಮುಂದೆ ಹೋದಾಗಲೂ ಕಂದೀಲು ಗುರುತಿನ ವಿರೋಧ ಪಕ್ಷದವರು ಬೀದಿಯಲ್ಲಿ ನಿಂತು ಪ್ರಜಾಪ್ರಭುತ್ವದ ಕೊಲೆಯಾಯಿತೆಂದು ಸಾರುತ್ತಿದ್ದರು.

ಇತ್ತ ಗುರುಪಾದಪ್ಪನವರ ಹಾಸಿಗೆ ಹೊರಗಿನ ಗ್ಯಾಲರಿಗೆ ಬಂದಿತ್ತು. ನಸುಕಿನಲ್ಲಿ ನಳಕ್ಕೆ ಹೋಗುವ ಚಾಳಿನ ಹೆಂಗಸರೆಲ್ಲ ಅವರನ್ನು ದಾಟಿಕೊಂಡೇ ಹೋಗುತ್ತಿದ್ದರು. ಎಂಟು ತಿಂಗಳಲ್ಲಿ ಯಾರ ಬಿಂದಿಗೆ ಎಲ್ಲಿ ಸೋರುತ್ತದೆ ಎಂಬುದು ಅವರ ಮುಖಕ್ಕೆ ಪರಿಚಯವಾಗಿತ್ತು.

ಅಂಥ ಒಂದು ರವಿವಾರದ ಮುಂಜಾನೆ ಮೇಲಿನ ಮಹಡಿಯ ಮಾಪಣ್ಣ ಇಳಿದು ಬಂದ. ಯಾರೂ ಕೇಳದಿದ್ದರೂ ಪರರ ಕೆಲಸವನ್ನು ತಲೆಯ ಮೇಲೆ ಹೊತ್ತು ತಿರುಗುವುದು ಅವನ ಸ್ವಭಾವ. ಗುರುಪಾದಪ್ಪನವರ ಮಗಳು ಮಹಾನಂದಾಳಿಗೆ ಕಳಂಬೋಲಿಯ ವರನನ್ನು ಹುಡುಕಿದವನೂ ಅವನೇ.

"ಖುಷಿ ಸುದ್ದಿ ತಂದೀನ್ರಿ. ಕಳಂಬೋಲಿಯವರು ಮುಂದಿನ ರವಿವಾರ ಬರಂಗಿಲ್ಲ."

"ಅದು ಹ್ಯಾಂಗ ಖುಷಿ ಸುದ್ದಿ?"

"ಇವತ್ತ ಬರತಾರ. ನಾಕರ ಸುಮಾರಿಗೆ. ಅವರಿಗೇ ಅವಸರ ಅದ, ನೀವ್ಯಾಕ ಚಿಂತಿ ಮಾಡ್ತೀರಿ?"

ಒಳಗಿನಿಂದ ಗುರುಪಾದಪ್ಪನವರ ಹೆಂಡತಿ ಗಿರಿಜವ್ವ ಕೇಳಿಸಿಕೊಂಡಳು. ಒಳಖೋಲಿಯಲ್ಲಿ ಒಲೆ, ದೇವರು, ಮೋರಿ, ಮಗಳ ಹೊಲಿಗೆಯ ಯಂತ್ರ ಇವೆಲ್ಲ ಒಂದರ ಮಗ್ಗುಲಿಗೆ ಒಂದು ಉಸಿರು ಹಿಡಿದುಕೊಂಡು ನಿಂತಿದ್ದವು.

"ಬೀಗರನ್ನ ಎಲ್ಲಿ ಕುಂದರಸೋಣು?" ಎಂದಳು ಅವಳು. "ಗ್ಯಾಲರಿಯೊಳಗ ನಿಮ್ಮ ಹಾಸಿಗೀ ಮ್ಯಾಲೇನು? ಇವತ್ತ ಆ ಖೋಲಿ ಬಿಡಸಕೊಂಡು ಬರ್ರಿ. ಇಲ್ಲಾಂದ್ರ ಈ ಸಂಬಂಧಾನೂ ಹ್ವಾದಂಗ."

ಹಿಂದೆ ಎರಡು ಸಂಬಂಧಗಳು, ಬಂದವರು ಕೂಡಲು ಜಾಗವಿಲ್ಲದೆ, ನಿಂತಲ್ಲಿಂದಲೇ ತಿರುಗಿಹೋಗಿದ್ದವು. ಆಗಿನಿಂದ ಮಹಾನಂದಾ ಹೊಲಿಗೆಯ ಯಂತ್ರವನ್ನು ಮೊದಲಿಗಿಂತ ಜೋರಾಗಿ ತುಳಿಯುತ್ತಿದ್ದಳು. ಆ ಸದ್ದು ನೆನಪಾಗಿ ಗುರುಪಾದಪ್ಪನವರು ಧೈರ್ಯ ತಂದುಕೊಂಡು ತಮ್ಮದೇ ಖೋಲಿಯ ಬಾಗಿಲನ್ನು ತಟ್ಟಿದರು.

ರಮಾಕಾಂತ ಕೇರಂ ಆಡುತ್ತಿದ್ದ. ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ಕಾಕಾ, ಮಹಾನಂದಾ ನನ್ನ ತಂಗಿ ಇದ್ದ ಹಾಗೆ. ಆದರೆ ಇವತ್ತು ಖೋಲಿ ಬಿಟ್ಟರೆ ಕಂದೀಲಿನವರು ಏನನ್ನುತ್ತಾರೆ? ತೊಟ್ಟಿಲು ಹೆದರಿ ಓಡಿತು ಅನ್ನುತ್ತಾರೆ. ಇದು ಪಕ್ಷದ ಮರ್ಯಾದೆ. ಒಂದು ಮಾಡುತ್ತೇನೆ, ನಾಲ್ಕರಿಂದ ಐದರವರೆಗೆ ಕೇರಂ ನಿಲ್ಲಿಸುತ್ತೇನೆ."

"ಇಲೆಕ್ಷನ್ ಯಾವಾಗಪಾ?"

"ಅವಸರ ಯಾಕೆ? ಜನರಿಗೆ ವಿಚಾರ ಮಾಡಲು ವೇಳೆ ಬೇಡವೇ?"

ಅಲ್ಲಿಂದ ಗುರುಪಾದಪ್ಪನವರು ಸ್ಟೇಷನ್ ರಸ್ತೆಯ ಉಡುಪಿ ಹೋಟೆಲಿಗೆ ನಡೆದರು. ಹೋಟೆಲಿನ ಯಜಮಾನ ತಾರಾನಾಥ ಕಂದೀಲು ಪಕ್ಷದ ಸ್ಥಳೀಯ ಅಧ್ಯಕ್ಷ. ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಭಾಷಣ ಮಾಡಬಲ್ಲ ಮನುಷ್ಯ. ಗುರುಪಾದಪ್ಪನವರ ಕತೆ ಮುಗಿಯುವುದರೊಳಗೆ ಅವನ ಕಣ್ಣುಗಳು ಆಗತಾನೇ ಹೆಂಚಿನಿಂದೆದ್ದ ದೋಸೆಯಂತೆ ಹೊಳೆದವು.

"ಎಂತ ಅನ್ಯಾಯ ಮಾರಾಯ್ರೆ! ಇಲೆಕ್ಷನ್ ಮುಂದೆ ಹಾಕುದು ಯಾಕೆ ಅಂತ ಇವತ್ತು ಗೊತ್ತಾಯ್ತು. ಬಡವರ ಖೋಲಿ ನುಂಗ್ಲಿಕ್ಕೆ. ನಾಲ್ಕು ಗಂಟೆಗೆ ನಿಮ್ಮ ಬಾಗಿಲಿಗೆ ಮೋರ್ಚಾ ತರ್ತೇನೆ."

"ಮೋರ್ಚಾ ಬ್ಯಾಡ್ರಿ. ನಾಕಕ್ಕ ಬೀಗರು ಬರತಾರ."

"ಬರ್ಲಿ. ನಿಮ್ಮ ಹಿಂದೆ ಎಷ್ಟು ಜನ ಉಂಟು ಅಂತ ಅವರೂ ನೋಡ್ಲಿ. ನೀವೀಗ ಕಾಫಿ ಕುಡೀರಿ, ಹೂಂ ಅನ್ನಿ."

ಕಾಫಿ ಮುಂದಿತ್ತು. ಕೊರಳು ಬಾಗಿತು.

ಮಧ್ಯಾಹ್ನ ರೇಡಿಯೋದ ಮರಾಠಿ ವಾರ್ತೆ ಚಾಳನ್ನೇ ಅಲುಗಾಡಿಸಿತು. ಉಪಚುನಾವಣೆ ಮುಂದಿನ ತಿಂಗಳೇ ಎಂದು ಘೋಷಣೆಯಾಗಿತ್ತು. ಗುರುಪಾದಪ್ಪನವರು ಕೈಯೆತ್ತಿ ದೇವರಿಗೆ ಮುಗಿದರು. ತಾರಾನಾಥ ಕೇಳಿದ್ದು ಸಿಕ್ಕಿತು, ಇನ್ನು ಮೋರ್ಚಾ ಇಲ್ಲ. ಚುನಾವಣೆ ಗೊತ್ತಾಯಿತು, ಇನ್ನು ಖೋಲಿಗೂ ಒಂದು ಕೊನೆಯುಂಟು. ಇಂದಿನ ಒಂದು ತಾಸು ಕಳೆದರೆ ಸಾಕೆಂದು ಅವರಿಗೆ ತೋರಿತು.

ಗೋಡೆಯ ಚಿತ್ರಗಳನ್ನು ಕೆರೆಯಲು ಹೋದರೆ ಸುಣ್ಣವೇ ಕಳಚಿ ಬೀಳುತ್ತಿತ್ತು. ಗಿರಿಜವ್ವ ಅವುಗಳ ಮೇಲೆ ತನ್ನ ಇಳಕಲ್ಲ ಸೀರೆಗಳನ್ನು ಇಳಿಬಿಟ್ಟಳು. ಉಳಿದದ್ದು ಆ ಶೀಸಂ ತೊಟ್ಟಿಲು.

"ಅದನ್ನ ನನಗ ಬಿಡ್ರಿ" ಎಂದು ಮಾಪಣ್ಣ ಅದನ್ನೆತ್ತಿಕೊಂಡು ಹೋದ. ಎಲ್ಲಿಟ್ಟನೆಂದು ಕೇಳುವಷ್ಟರಲ್ಲಿ ಹೊರಗೆ ಟೆಂಪೋದ ಸದ್ದಾಯಿತು.

ಕಳಂಬೋಲಿಯ ಲೋಖಂಡ ಬಜಾರಿನ ಕಬ್ಬಿಣದ ವ್ಯಾಪಾರಿ ಅಪ್ಪಾಸಾಹೇಬರು ತಮ್ಮ ಸ್ವಂತ ಟೆಂಪೋದಲ್ಲಿ ಬಂದಿದ್ದರು. ಜೊತೆಗೆ ಹೆಂಡತಿ ರತ್ನಾಬಾಯಿ, ಮಗ ಮಲ್ಲಿನಾಥ. ಹಿಂದುಗಡೆ ತಾಡಪತ್ರಿ ಮುಚ್ಚಿದ ಯಾವುದೋ ಸಾಮಾನಿನ ಮೇಲೆ ಇಬ್ಬರು ಹಮಾಲರು ಕುಳಿತಿದ್ದರು.

"ಅದೇನ್ರಿ?" ಎಂದು ಗುರುಪಾದಪ್ಪನವರು ಮೆಲ್ಲಗೆ ಕೇಳಿದರು.

"ವ್ಯಾಪಾರಸ್ಥರು. ಖಾಲಿ ಗಾಡಿ ಹೊಡೀತಾರೇನು?" ಎಂದ ಮಾಪಣ್ಣ.

ಬೀಗರು ಬೆಂಚಿನ ಮೇಲೆ ಕುಳಿತರು. ಅವಲಕ್ಕಿ ಬಂತು. ಅಪ್ಪಾಸಾಹೇಬರು ಮಾತಿಗಿಂತ ಹೆಚ್ಚಾಗಿ ಖೋಲಿಯ ಸೂರನ್ನೂ ಮೂಲೆಗಳನ್ನೂ ನೋಡುತ್ತಿದ್ದರು. ಸೆಕೆಯೆಂದು ಮಲ್ಲಿನಾಥ ಪಂಖಾದ ಗುಂಡಿಯನ್ನು ಒತ್ತಿದ. ಇಳಕಲ್ಲ ಸೀರೆಗಳು ಸಾವಕಾಶವಾಗಿ ಮೇಲೆದ್ದವು. ಒಂದೊಂದು ಸೀರೆಯ ಹಿಂದಿನಿಂದಲೂ ಒಂದೊಂದು ತೊಟ್ಟಿಲು ಹಣಿಕಿ ನೋಡಿ ಮರೆಯಾಯಿತು.

ರತ್ನಾಬಾಯಿಯ ಕೈಯಲ್ಲಿದ್ದ ಚಮಚೆ ಅವಲಕ್ಕಿಯಲ್ಲೇ ನಿಂತಿತು. ಅವಳು ಕೈ ತೊಳೆಯುವ ನೆಪದಿಂದ ಒಳಖೋಲಿಗೆ ಹೋದಳು. ಅಲ್ಲಿ ಸೀರೆಯುಟ್ಟು ಸಿದ್ಧಳಾಗಿ ನಿಂತಿದ್ದ ಮಹಾನಂದಾಳ ಮಗ್ಗುಲಲ್ಲೇ, ಮಾಪಣ್ಣನ ಕೃಪೆಯಿಂದ, ಶೀಸಂ ಮರದ ನಿಜವಾದ ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು.

ಹೊರಗಿನವರಿಗೆಲ್ಲ ಕೇಳಿಸುವಂತೆ ಅವಳ ದನಿ ಬಂತು. "ಮನ್ಯಾಗ ಕೂಸು ಯಾವುದೂ ಕಾಣವಲ್ದು. ಈ ತೊಟ್ಟಲಾ ಯಾರಿಗವ್ವಾ?"

ಗಿರಿಜವ್ವ ಒಳಗೆ ಧಾವಿಸಿದಳು. "ಅದು... ಇಲೆಕ್ಷನ್ದು ರಿ."

"ಇಲೆಕ್ಷನ್ ತೊಟ್ಟಲದಾಗ ಮಲಗತೈತೇನು?"

ಬಾಗಿಲಲ್ಲಿ ಬಂದು ನಿಂತು ಉತ್ತರ ಕೊಟ್ಟವಳು ಮಹಾನಂದಾ.

"ಹೌದ್ರಿ ಅತ್ತಿ. ಮಲಗಿಸಿ ಎಂಟ ತಿಂಗಳಾತು. ಇವತ್ತ ಮಧ್ಯಾಹ್ನ ಎದ್ದೈತಿ. ಇನ್ನ ಅಳಾಕ ಸುರು ಮಾಡತೈತಿ ನೋಡ್ರಿ."

ಮಲ್ಲಿನಾಥ ಮೊದಲು ನಕ್ಕ. ಅವನ ಹಿಂದೆ ಅಪ್ಪಾಸಾಹೇಬರು. ರತ್ನಾಬಾಯಿ ನಗಲೋ ಬೇಡವೋ ಎಂದು ಮಗನ ಮುಖವನ್ನು ನೋಡಿದಳು. ಅಲ್ಲಿ ಉತ್ತರ ಆಗಲೇ ಸಿದ್ಧವಾಗಿತ್ತು.

ಅಷ್ಟರಲ್ಲಿ ಹೊರಗೆ ನಿಜವಾಗಿಯೂ ಅಳು ಸುರುವಾಯಿತು. ತಾರಾನಾಥನ ಮೋರ್ಚಾ ಬಂದಿತ್ತು. ಗುರುಪಾದಪ್ಪನವರು ಧಾವಿಸಿ ಹೊರಬಂದರು.

"ತಾರಾನಾಥಣ್ಣ, ಇಲೆಕ್ಷನ್ ಬಂತಲ್ಲರೀ. ಇನ್ನ್ಯಾಕ ಇದು?"

"ಬಂತು ಅಂತಲೇ ಬಂದದ್ದು. ಒಂದು ತಿಂಗಳಲ್ಲಿ ಇಲೆಕ್ಷನ್ ಅಂದ್ರೆ ಎಂತ ಪಿತೂರಿ ಇದು? ಯಾದಿ ಸರಿ ಇಲ್ಲ, ಜನರಿಗೆ ವಿಚಾರ ಮಾಡ್ಲಿಕ್ಕೆ ವೇಳೆ ಇಲ್ಲ."

"ನಿನ್ನೀ ತನಕ ಲಗೂನ ಬೇಕು ಅಂತಿದ್ರಿ."

"ನಿನ್ನೆಗೆ ಬೇಕಿತ್ತು. ಇವತ್ತಿಗೆ ಅವಸರ ಆಯ್ತು." ಆಮೇಲೆ ಅವನು ದನಿಯನ್ನು ತಗ್ಗಿಸಿದ. "ನಮ್ಮಲ್ಲಿ ಟಿಕೇಟಿಗೆ ಇಬ್ರು ನಿಂತಿದ್ದಾರೆ ಮಾರಾಯ್ರೆ. ಇತ್ಯರ್ಥ ಆಗ್ಬೇಕಲ್ಲ."

ಫಲಕಗಳನ್ನು ಮಾತ್ರ ಬದಲಿಸುವ ಅಗತ್ಯ ಬಿದ್ದಿರಲಿಲ್ಲ. 'ಪ್ರಜಾಪ್ರಭುತ್ವದ ಕೊಲೆ ನಿಲ್ಲಿಸಿ' ಎಂಬ ಮಾತು ಚುನಾವಣೆ ತಡವಾದರೂ ಬೇಗ ಬಂದರೂ ಒಂದೇ ರೀತಿ ಒಪ್ಪುತ್ತಿತ್ತು. ಇತ್ತ ರಮಾಕಾಂತ ಹೊಸ್ತಿಲ ಮೇಲೆ ಏರಿ ನಿಂತು, ಪ್ರತಿನಿಧಿಯಿಲ್ಲದ ಜನತೆ ತಾಯಿಯಿಲ್ಲದ ಮಗುವಿನಂತೆ, ಅದನ್ನು ಒಂದು ದಿನವೂ ಕಾಯಿಸಕೂಡದು ಎಂದು ಕೂಗುತ್ತಿದ್ದ. ಅದು ಹಿಂದಿನ ವಾರ ತಾರಾನಾಥ ಆಡಿದ್ದ ಮಾತು. ತನ್ನ ಮಾತನ್ನೇ ಮರಳಿ ಕೇಳಲು ತಾರಾನಾಥನಿಗೂ ಸಂಕೋಚವಾದಂತೆ ಕಾಣಲಿಲ್ಲ.

ಇಬ್ಬರ ನಡುವೆ ನಿಂತ ಗುರುಪಾದಪ್ಪನವರಿಗೆ ಒಂದು ವಿಚಿತ್ರ ವಿಚಾರ ಬಂತು. ಆ ಸ್ಥಾನ ಖಾಲಿ ಬಿದ್ದ ಎಂಟು ತಿಂಗಳೂ ಅದಕ್ಕಾಗಿ ಇಷ್ಟೊಂದು ಜನ ಗಂಟಲು ಹರಿದುಕೊಂಡರು. ಅದು ಯಾರದೆಂದು ಮತ ಹಾಕುವವರನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ತಮ್ಮ ಖೋಲಿಯ ಕತೆಯೂ ಅದೇ. ಒಡೆಯನಾದವನು ಗ್ಯಾಲರಿಯಲ್ಲಿ ಮಲಗಿ, ಉಳಿದವರ ಕಾಲುಗಳನ್ನು ನೋಡುತ್ತಿರಬೇಕು.

ಅಪ್ಪಾಸಾಹೇಬರು ಎದ್ದು ಬಂದರು. ಲೋಖಂಡ ಬಜಾರಿನ ಗದ್ದಲದಲ್ಲಿ ಪಳಗಿದ ದನಿ ಅವರದು. ಅದನ್ನು ಎತ್ತರಿಸುವ ಗೋಜಿಗೆ ಅವರು ಹೋಗಲಿಲ್ಲ.

"ರಮಾಕಾಂತರ, ಇಲ್ಲಿ ಕೇಳ್ರಿ. ಇಲೆಕ್ಷನ್ ಹತ್ತರ ಬಂತು. ನೀವು ಈ ಖೋಲಿಯೊಳಗ ಕುಂತದ್ದಕ್ಕ ಒಂದು ಹುಡುಗೀ ಲಗ್ನ ಮುರೀತು ಅಂತ ನಾಳೆ ಕಂದೀಲದವರು ಗ್ವಾಡಿ ಗ್ವಾಡಿಗೆ ಬರೀತಾರ. ಅಲ್ಲಿ ನೋಡ್ರಿ, ಚಾಳಿನ ಹೆಣ್ಣಮಕ್ಕಳೆಲ್ಲ ನಿಂತಾರ. ಅವರ ಮತ ನಿಮಗ ಬ್ಯಾಡೇನು?"

ರಮಾಕಾಂತ ಮೇಲೆ ನೋಡಿದ. ಮೂರೂ ಮಹಡಿಗಳ ಕಟಕಟೆಯ ತುಂಬ ಹೆಂಗಸರಿದ್ದರು. ಅವರ ಮುಖಗಳು ಮತಪೆಟ್ಟಿಗೆಗಳಂತೆ ಮುಚ್ಚಿಕೊಂಡಿದ್ದವು.

ಎಂಟು ತಿಂಗಳು ಆಗದಿದ್ದದ್ದು ಅರ್ಧ ತಾಸಿನಲ್ಲಿ ಆಯಿತು. ಕೇರಂ ಬೋರ್ಡು ಹೋಯಿತು, ಬೆಂಚು ಹೋಯಿತು, ಧ್ವಜಗಳು ಹೋದವು. ಅದನ್ನು ತನ್ನ ವಿಜಯವೆಂದು ಸಾರಿ ತಾರಾನಾಥನ ಮೋರ್ಚಾವೂ ಹೋಯಿತು. ರಮಾಕಾಂತನ ಹುಡುಗರು ಶೀಸಂ ತೊಟ್ಟಿಲನ್ನು ಎತ್ತುವಾಗ ಮಾತ್ರ ರತ್ನಾಬಾಯಿ ತಡೆದಳು.

"ಅದು ಇರಲಿ ಬಿಡ್ರಿ. ಮೆರವಣಿಗೀ ದಿವಸ ಒಯ್ದು ತಿರಗಿ ತಂದಿಡ್ರಿ."

ಗುರುಪಾದಪ್ಪನವರಿಗೆ ಅದೇನೆಂದು ವಿಚಾರಿಸುವ ವ್ಯವಧಾನವಿರಲಿಲ್ಲ. ಗ್ಯಾಲರಿಯಲ್ಲಿದ್ದ ತಮ್ಮ ಹಾಸಿಗೆಯ ಸುರುಳಿಯನ್ನು ಎತ್ತಿ ತಂದು ಖಾಲಿ ಖೋಲಿಯ ಮೂಲೆಯಲ್ಲಿ ಇಟ್ಟರು. ಇಟ್ಟು, ಅದನ್ನು ದೂರದಿಂದ ನೋಡಿದರು.

ಅಪ್ಪಾಸಾಹೇಬರು ಅವರ ಹೆಗಲ ಮೇಲೆ ಕೈಯಿಟ್ಟರು.

"ಬೀಗರ, ಹುಡುಗಿ ನಮಗ ಒಪ್ಪಿಗಿ ಐತಿ. ಒಂದ ಮಾತು. ಮಲ್ಲಿನಾಥನ ಕೆಲಸ ಇಲ್ಲೇ ಮುಂದಿನ ಸ್ಟೇಷನ್ ಠಾಕುರ್ಲಿಯೊಳಗ. ದಿನಾ ಕಳಂಬೋಲಿಯಿಂದ ಹೋಗಿ ಬಂದು ಹುಡುಗ ಅರ್ಧಾ ಆಗ್ಯಾನ. ಲಗ್ನ ಆದ ಮ್ಯಾಲ ಇಬ್ಬರೂ ಇಲ್ಲೇ ಇರಲಿ. ಬ್ಯಾರೆ ಖೋಲಿ ಸಿಗೂ ಮಟಾ ಅಷ್ಟ. ಭಾಳ ಏನಿಲ್ಲ, ಹದಿನೈದ ದಿವಸದ ಮಾತು."

ಗುರುಪಾದಪ್ಪನವರು ಮಗಳ ಕಡೆ ನೋಡಿದರು. ಅವಳು ಅವರತ್ತ ನೋಡುತ್ತಿರಲಿಲ್ಲ. ಮಲ್ಲಿನಾಥನೂ ಅವಳೂ ತೊಟ್ಟಿಲನ್ನು ನೋಡಿ ನಗುವನ್ನು ತಡೆಹಿಡಿಯಲು ಯತ್ನಿಸುತ್ತಿದ್ದರು. ಹೊಲಿಗೆಯ ಯಂತ್ರ ಎಂದೂ ತಂದುಕೊಟ್ಟಿರದ ಬೆಳಕೊಂದು ಅವಳ ಮುಖದ ಮೇಲಿತ್ತು. ಆ ಮುಖ ಕಂಡ ಮೇಲೆ ಕೊರಳಿಗೆ ಬೇರೆ ದಾರಿಯೇ ಉಳಿಯಲಿಲ್ಲ.

"ಇಳಸ್ರಪಾ" ಎಂದು ಅಪ್ಪಾಸಾಹೇಬರು ಹೊರಗೆ ಕೈಸನ್ನೆ ಮಾಡಿದರು.

ಟೆಂಪೋದ ತಾಡಪತ್ರಿ ಸರಿಯಿತು. ಅದರ ಕೆಳಗಿನಿಂದ ಲೋಖಂಡದ ಜೋಡಿ ಪಲಂಗವೂ ಎತ್ತರದ ಒಂದು ಕಪಾಟೂ ಇಳಿದು, ಮೊದಲೇ ಜಾಗ ಅಳೆದು ಇಟ್ಟವುಗಳಂತೆ, ಖೋಲಿಯೊಳಗೆ ಬಂದು ಕುಳಿತವು. ಗುರುಪಾದಪ್ಪನವರು ಮಾಪಣ್ಣನ ಕಡೆ ತಿರುಗಿದರು.

"ಖೋಲಿ ಅದ ಅಂತ ನಾನೇ ಹೇಳಿದ್ದೆ ರಿ" ಎಂದ ಮಾಪಣ್ಣ ನೆಲ ನೋಡುತ್ತ. "ಅದಕ್ಕ ಅವರು ಒಪ್ಪಿದ್ರು. ಇಲೆಕ್ಷನ್ ಸುದ್ದಿ ಅವರಿಗೆ ಬಜಾರದಾಗ ನಿನ್ನೇನ ಸಿಕ್ಕಿತ್ತು. ಖೋಲಿ ಬಿಡಸಾಕ ಇದ ಹೊತ್ತು ಅಂತ ಇವತ್ತ ಬಂದ್ರು."

"ಖಾಲಿ ಬಿಟ್ಟರ ಮತ್ತ ಯಾವನರ ಬಂದು ಕುಂದರತಾನ" ಎಂದು ಅಪ್ಪಾಸಾಹೇಬರು, ಮೂಲೆಯಲ್ಲಿದ್ದ ಹಾಸಿಗೆಯ ಸುರುಳಿಯನ್ನು ಎತ್ತಿ ಬಹಳ ಗೌರವದಿಂದ ಬೀಗರ ಕೈಗೆ ಕೊಟ್ಟರು. ಬಾಗಿಲೆಳೆದು, ತಾವೇ ತಂದಿದ್ದ ಹೊಸ ಬೀಗವನ್ನು ಹಾಕಿದರು. "ಲಗ್ನದ ಮಟಾ ಕೀಲಿ ನನ್ನ ಹತ್ತರ ಇರಲಿ. ನಿಮಗ್ಯಾಕ ತ್ರಾಸು?"

ಟೆಂಪೋ ಹೊರಟುಹೋಯಿತು. ಗುರುಪಾದಪ್ಪನವರು ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಗ್ಯಾಲರಿಯಲ್ಲಿ ನಿಂತಿದ್ದರು. ಗಿರಿಜವ್ವ ಒಳಗಿನಿಂದ ಇನ್ನೊಂದು ಕೌದಿಯನ್ನು ತಂದು ಅವರ ಕೈಗೆ ಸೇರಿಸಿದಳು.

"ಇದನ್ನೂ ಹಾಸ್ಕೊರಿ. ಈ ಪಕ್ಷ ಇಲೆಕ್ಷನ್ ಮುಗದ್ರೂ ಎದ್ದು ಹೋಗೂದಲ್ಲ."