ಪದಮೂಲ ತಿಳಿಯದೆ ಡಾಂಬರು ಸುರಿದಿರುವ ಬಗ್ಗೆ

ಸಂಖ್ಯೆ: ರಸ್ತೆ/ಗುಂಡಿ/ಪದ/41

ವಿಷಯ: ರಸ್ತೆಗೆ ಹಾಕುವ ಕಪ್ಪು ವಸ್ತುವಿನ ಹೆಸರು ಇತ್ಯರ್ಥವಾಗುವ ಮೊದಲೇ ಸದರಿ ವಸ್ತುವನ್ನು ಸುರಿದಿರುವ ಕುರಿತು.

ಉಲ್ಲೇಖ: 1. ಪದಮೂಲ ಸಮಿತಿಯ ಒಂಬತ್ತು ಸಭೆಗಳ ನಡವಳಿ (ತೀರ್ಮಾನವಿಲ್ಲ).
2. ಡಾಂಬರಕ್ಕನವರ ಮೌಖಿಕ ಸಮಜಾಯಿಷಿ (ಜೋರು ದನಿಯಲ್ಲಿ).

ಇಪ್ಪತ್ತಾರು ವರ್ಷಗಳಿಂದ ಡಾಂಬರು ಕಾಯಿಸುತ್ತಿರುವ, ಎಲ್ಲರೂ ಡಾಂಬರಕ್ಕ ಎಂದೇ ಕರೆಯುವ ನೌಕರರು, ಹೊಲಿಗೆ ಅಂಗಡಿ ಮುಂದಿನ ಗುಂಡಿಯನ್ನು ಕಳೆದ ಮಂಗಳವಾರ ಯಾರ ಅಪ್ಪಣೆಗೂ ಕಾಯದೆ ಮುಚ್ಚಿರುತ್ತಾರೆ. ವಿಚಾರಿಸಲಾಗಿ, "ಹದಕ್ಕೆ ಬಂದ್ಮೇಲೆ ಅದು ನಿಮ್ಮ ಮೀಟಿಂಗಿಗೆ ಕಾಯುತ್ತಾ ಸಾರ್? ಕಲ್ಲಾಗಿ ಹೋಗುತ್ತೆ. ನನ್ನ ತಮ್ಮ ಅದೇ ಗುಂಡೀಲಿ ಬಿದ್ದು ಎಡಗಾಲು ಮುರ್ಕೊಂಡ. ಮೊನ್ನೆ ಮಂಗಳವಾರಾನೇ ಆಸ್ಪತ್ರೆಯಿಂದ ಬಿಡಿಸ್ಕೊಂಡು ಮನೆಗೆ ಬರ್ತಿದ್ದ. ಇನ್ನೊಂದ್ಸಲ ಬಿದ್ರೆ ಹೊಲಿಗೆ ಮಿಷನ್ ತುಳಿಯೋಕೆ ಅವನಿಗೆ ಕಾಲೇ ಇರಲ್ಲ. ಭಯ ಆಯ್ತು, ಸುರಿದುಬಿಟ್ಟೆ" ಎಂದಿರುತ್ತಾರೆ. ಸದರಿ ಭಯಕ್ಕೆ ಪೂರ್ವಾನುಮತಿ ಪಡೆದಿರುವುದು ಕಡತದಲ್ಲಿ ಕಂಡುಬರುವುದಿಲ್ಲ.

ಆದುದರಿಂದ ಸಂಬಂಧಪಟ್ಟವರಿಗೂ ಪಡದವರಿಗೂ ಈ ಕೆಳಕಂಡಂತೆ ತಾಕೀತು ಮಾಡಲಾಗಿದೆ:

1. 'ಡಾಂಬರು' ಎಂಬುದು ಮಲಯ ಭಾಷೆಯಲ್ಲಿ ಮರದ ಅಂಟನ್ನು ಸೂಚಿಸುವ ಪದದಿಂದ ಬಂದಿದೆಯೆಂದು ಸದಸ್ಯರೊಬ್ಬರು ತಿಳಿಸಿರುವುದರಿಂದ, ಪ್ರತಿ ಪೀಪಾಯಿಗೂ ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ ಲಗತ್ತಿಸತಕ್ಕದ್ದು. ಮರ ಯಾವುದೆಂದು ನಮೂದಿಸುವುದು.

2. ಸದರಿ ವಸ್ತುವಿಗೆ ಸಂಸ್ಕೃತದಲ್ಲಿರುವ 'ಶಿಲಾಜತು' ಎಂಬ ಹೆಸರಿಗೆ ಕಲ್ಲಿನ ಅರಗು ಎಂದರ್ಥ. ಅದು ಔಷಧಿಯೂ ಹೌದು. ಗುಂಡಿಗೆ ಊಟಕ್ಕೆ ಮೊದಲೋ ನಂತರವೋ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳತಕ್ಕದ್ದು.

3. ಇಂಥದೇ ಕಪ್ಪು ಅಂಟಿಗೆ ಪಾರಸಿಯಲ್ಲಿರುವ 'ಮೂಮಿಯಾ' ಎಂಬ ಪದದಿಂದಲೇ ಬಟ್ಟೆ ಸುತ್ತಿಟ್ಟ ಪುರಾತನ ಶವಗಳಿಗೆ 'ಮಮ್ಮಿ' ಎಂಬ ಹೆಸರು ಬಂದಿರುವುದರಿಂದ, ಪೀಪಾಯಿಯೊಳಗೆ ಯಾರ ಪೂರ್ವಜರೂ ಇಲ್ಲವೆಂದು ಮೇಸ್ತ್ರಿಯು ಇಣುಕಿ ನೋಡಿ ದೃಢೀಕರಿಸುವುದು.

4. ಗ್ರೀಕಿನ 'ಆಸ್ಫಾಲ್ಟೋಸ್' ಎಂದರೆ ಬೀಳಿಸದೆ ಇರುವಂಥದ್ದು ಎಂದು ಕೆಲವರ ಅಭಿಪ್ರಾಯ. ಇದು ಅಂಗೀಕಾರವಾದಲ್ಲಿ, ಸದರಿ ರಸ್ತೆಯಲ್ಲಿ ಈವರೆಗೆ ಬಿದ್ದವರೆಲ್ಲರೂ ಬಿದ್ದಿಲ್ಲವೆಂದೇ ಪರಿಗಣಿಸಲಾಗುವುದು. ಕಾಲು ಮುರಿದುಕೊಂಡವರು ತಮ್ಮ ಪರಿಹಾರದ ಅರ್ಜಿಗಳನ್ನು ಹಿಂಪಡೆಯತಕ್ಕದ್ದು.

5. ಪದ ಇತ್ಯರ್ಥವಾಗುವವರೆಗೆ 'ಡಾಂಬರಕ್ಕ' ಎಂಬ ಹೆಸರನ್ನು ಅಮಾನತಿನಲ್ಲಿಡಲಾಗಿದೆ; ಹೆಸರಿನೊಂದಿಗೆ ನೌಕರರನ್ನೂ. ತಮ್ಮನಾದವರು 'ಅಕ್ಕ' ಎಂದಷ್ಟೇ ಕರೆಯಲು ಇಲಾಖೆಯ ಅಡ್ಡಿಯಿಲ್ಲ.

6. ಮುಚ್ಚಿದ ಗುಂಡಿಯನ್ನು ಅಗೆದು ಯಥಾಸ್ಥಿತಿಗೆ ತರತಕ್ಕದ್ದು. ಮೂಲ ಆಳ ಯಾರಿಗೂ ನೆನಪಿಲ್ಲದಿದ್ದಲ್ಲಿ, ದರ್ಜಿಯವರ ಕಾಲಿನ ಎಕ್ಸ್‌ರೇ ನೋಡಿ ಅಂದಾಜಿಸುವುದು.

ಸಹಿ/-
ಅಧೀಕ್ಷಕರು (ಗುಂಡಿ ಮತ್ತು ಪದಮೂಲ)

ಪ್ರತಿಗಳು:
1. ಅರಣ್ಯ ಇಲಾಖೆ: ಮರದ ಪತ್ತೆಗಾಗಿ.
2. ಅಗೆಯುವ ತಂಡ: ಕೂಡಲೇ.
3. ಅಮಾನತಾದ ನೌಕರರು: ಅಗೆಯುವಾಗ ಖುದ್ದು ಹಾಜರಿರಲು.
4. ಸದರಿಯವರ ತಮ್ಮ, ಹೊಲಿಗೆ ಅಂಗಡಿ: ಬಲಗಾಲಿನ ಬಗ್ಗೆ ಎಚ್ಚರ ವಹಿಸಲು.