ತುರಿಮಣೆಯ ಮೇಲೆ ಗಿಟಾರ್ ವಾದಕ

ಕೈಬೆರಳುಗಳ ಸುರಕ್ಷತೆಯ ಬಗ್ಗೆ ನನಗೆ ಪಾಠ ಹೇಳುವವರು ದುಬೈಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಕಟ್ಟಡ ಕಂಪನಿಯೊಂದರ ಸುರಕ್ಷತಾ ಅಧಿಕಾರಿ. ಮುಹೈಸ್ನಾದಲ್ಲಿರುವ ನಮ್ಮ ಕಾರ್ಮಿಕರ ವಸತಿಯ ಪ್ರತಿ ಬಾಗಿಲಿಗೂ ಐದು ಭಾಷೆಗಳಲ್ಲಿ ‘ಬೆರಳು ಹತ್ತೇ, ಜೋಪಾನ!’ ಎಂಬ ಪೋಸ್ಟರ್ ಅಂಟಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಸಿಲಿಕಾನ್ ಓಯಸಿಸ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿಗೆ ಆಲಿವರ್ ಬಂದದ್ದು ಕಳೆದ ವರ್ಷ. ಇಪ್ಪತ್ತನಾಲ್ಕರ ಇಂಗ್ಲಿಷ್ ಹುಡುಗ. ಜಾಝ್ ಗಿಟಾರ್ ನುಡಿಸುತ್ತಾನೆ, ಸ್ವಂತ ಸಂಗೀತವನ್ನೂ ರಚಿಸುತ್ತಾನೆ. ಬಾಗಿಲಾಚೆಯಿಂದ ಕೇಳುವ ನನಗೆ ಅವನು ಹಾಡು ಶುರು ಮಾಡಿದನೋ, ಇನ್ನೂ ತಂತಿ ಬಿಗಿಯುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಹದಿನಾರಕ್ಕೇ ಪಬ್ಬುಗಳಲ್ಲಿ ನುಡಿಸಿ, ಸಂಗೀತದ ಕಾಲೇಜು ಮುಗಿಸಿ, ಅಲ್ಲಿ ಕೇಳುವವರಿಲ್ಲದೆ ಇಲ್ಲಿಗೆ ಬಂದು, ಹೋಟೆಲ್ ಲಾಬಿಯಲ್ಲಿ ಸೂಟ್‌ಕೇಸ್ ಎಳೆಯುವವರ ನಡುವೆ ನುಡಿಸುತ್ತಿದ್ದ. ಇಲ್ಲೂ ಕೇಳುವವರಿರಲಿಲ್ಲ, ಎ.ಸಿ. ಮಾತ್ರ ಚೆನ್ನಾಗಿತ್ತು.

ಒಂದು ಶನಿವಾರ ಸಂಜೆ ಐದಕ್ಕೆ ಅಬುಧಾಬಿಯ ಖಲೀಫಾ ಸಿಟಿಯ ಸಣ್ಣ ಸಭಾಂಗಣವೊಂದರಲ್ಲಿ ಅವನ ಸ್ವಂತ ರಚನೆಗಳ ಮೊದಲ ಕಛೇರಿ. ಕೇಳಲು ಆಲ್ಬಂ ಕಂಪನಿಯ ಹೆಂಗಸೊಬ್ಬರು ಲಂಡನ್‌ನಿಂದ ಬರುವವರಿದ್ದರು. ಅವರು ಒಪ್ಪಿದರೆ ಆಲ್ಬಂ. ಒಪ್ಪದಿದ್ದರೆ ಮತ್ತೆ ಸೂಟ್‌ಕೇಸ್.

“ನನ್ನ ಕಾರಿನಲ್ಲೇ ಬಿಡುತ್ತೇನೆ. ಮೊದಲು ನಮ್ಮಲ್ಲಿ ಊಟ,” ಎಂದೆ. ಅಲ್ಲಿಗೆ ಶುರುವಾಯಿತು!

ನನ್ನ ಹೆಂಡತಿ ಲವೀನಾ ಆಸ್ಪತ್ರೆಯಲ್ಲಿ ನರ್ಸ್. ಕೋಳಿ ಸುಕ್ಕಕ್ಕೆ ಮಸಾಲೆ ಹುರಿಯುತ್ತಾ, “ಕಾಯಿ ತುರಿದು ಕೊಡಿ ಮಾರಾಯ್ರೆ. ಸುಮ್ಮನೆ ನಿಂತು ಪರಿಮಳ ತೆಗೊಳ್ಳುದು ಎಂತ?” ಎಂದಳು.

ಮಂಗಳೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದ ತುರಿಮಣೆ ಹೊರಗೆ ಬಂತು. ಆಲಿವರ್ ಅದರ ಬಾಗಿದ ಕಬ್ಬಿಣದ ನಾಲಿಗೆಯನ್ನು ಭಕ್ತಿಯಿಂದ ನೋಡಿ, “ಇದನ್ನು ನುಡಿಸುವುದು ಹೇಗೆ?” ಎಂದು ಕೇಳಿದ.

ಕೆಲಸ ದಾಟಿಸುವ ಅವಕಾಶ ಸಿಕ್ಕರೆ ಬಿಡುವ ಮನುಷ್ಯ ನಾನಲ್ಲ. ಅವನನ್ನು ಮಣೆಯ ಮೇಲೆ ಕೂರಿಸಿ ಐದು ನಿಮಿಷಗಳ ಸುರಕ್ಷತಾ ತರಬೇತಿ ನೀಡಿದೆ. “ಬೆನ್ನು ನೇರ ಇರಲಿ. ತಂತಿ ಒತ್ತುವ ಎಡಗೈ ದೂರ ಇರಲಿ, ನಿನ್ನ ಭವಿಷ್ಯ ಇರುವುದು ಅದರಲ್ಲಿ. ಕಾಯಿಯನ್ನು ಬಲಗೈಯಲ್ಲೇ ಒತ್ತು.”

ಅವನು ಏನೋ ಹೇಳಲು ಬಾಯಿ ತೆರೆದ.

“ತರಬೇತಿಯ ಮಧ್ಯೆ ಪ್ರಶ್ನೆ ಬೇಡ,” ಎಂದೆ.

ಕೆಲವು ಗಿಟಾರ್ ವಾದಕರು ಬಲಗೈಯ ಉಗುರು ಬೆಳೆಸಿ, ಅದರಿಂದಲೇ ತಂತಿ ಮೀಟುತ್ತಾರೆ ಎಂಬ ಮಹತ್ವದ ಮಾಹಿತಿ ನನಗೆ ದೊರೆತದ್ದು ‘ಟಿಕ್’ ಎಂಬ ಸದ್ದಿನ ನಂತರ.

ಟಿಕ್. ಟಿಕ್. ಆಮೇಲೆ ಇನ್ನೊಂದು ಟಿಕ್!

ಒಂದು ಹನಿ ರಕ್ತ ಬರಲಿಲ್ಲ. ಆದರೆ ಆ ಕಬ್ಬಿಣದ ಹಲ್ಲುಗಳು ಬೆರಳ ತುದಿಯಿಂದ ಕೂದಲೆಳೆಯಷ್ಟು ದೂರದಲ್ಲಿ ಹಾದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಈಗಲೂ ಲಿಫ್ಟಿನ ಗುಂಡಿ ಟಿಕ್ ಎಂದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ.

“ಮೂರು ತಿಂಗಳು ಬೆಳೆಸಿದ್ದೆ,” ಎಂದ ಆಲಿವರ್. ಅವನ ಮುಖ ಮತ್ತು ತೆಂಗಿನ ತುರಿ ಒಂದೇ ಬಣ್ಣಕ್ಕೆ ಬಂದಿದ್ದವು.

ಲವೀನಾ ಓಡಿಬಂದಳು. “ಅಯ್ಯೋ ದೇವ್ರೇ! ತುಂಡಾದ ಉಗುರು ಎಲ್ಲಿ?”

ಎರಡು ಸಿಕ್ಕಿದವು.

“ಮೂರನೇದು?”

ಮೂವರೂ ತುರಿಯ ರಾಶಿಯನ್ನು ನೋಡಿದೆವು. ಬಿಳಿಯಲ್ಲಿ ಬಿಳಿ! ಲವೀನಾ ಒಲೆ ಆರಿಸಿದಳು. ಊಟ ಖಲಾಸ್.

“ಕೆಳಗಿನ ಸಲೂನಿನಲ್ಲಿ ಉಗುರು ಅಂಟಿಸ್ತಾರೆ. ಸ್ವಲ್ಪ ತಾಳಿ, ನಾನು ಹೋಗಿ...” ಎಂದು ಅವಳು ಹೇಳುವಷ್ಟರಲ್ಲಿ ನಾನು ಆಲಿವರ್‌ನನ್ನು ಎಳೆದುಕೊಂಡು ಲಿಫ್ಟಿನಲ್ಲಿದ್ದೆ. ಸಲೂನಿನ ಬಾಗಿಲು ನೂಕಿದೆ. ಒಳಗಿಂದ ನಾಲ್ಕು ಕಿರುಚಾಟ, ಒಂದು ಒದ್ದೆ ಟವೆಲ್ ಒಟ್ಟಿಗೇ ಬಂದವು.

“ಔಟ್, ಸರ್! ಯಲ್ಲಾ, ಔಟ್! ಪೊಲೀಸ್ ಕರೆಯಬೇಕಾ?”

ಜೀವಮಾನವಿಡೀ ಬೋರ್ಡು ಅಂಟಿಸಿದ ನಾನು ‘ಮಹಿಳೆಯರಿಗೆ ಮಾತ್ರ’ ಎಂಬ ಬೋರ್ಡನ್ನು ಓದಿದ್ದು ಹೊರಗೆ ಬಿದ್ದ ಮೇಲೆ!

ಕೊನೆಗೆ ಲವೀನಾ ಒಳಗೆ ಹೋಗಿ ಬೇಡಿಕೊಂಡಳು, ಕಾಲು ಹಿಡಿಯುವುದೊಂದು ಬಾಕಿ. ಸಲೂನಿನ ಗ್ರೇಸ್ ಎಂಬ ಫಿಲಿಪೀನ್ಸ್ ಹುಡುಗಿ ಡಬ್ಬಿ ಹಿಡಿದು ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಬಂದಳು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು.

“ಶೇಪ್ ಯಾವುದು? ಬಾದಾಮಿ? ಶವಪೆಟ್ಟಿಗೆ?”

ಅಂಥದ್ದೊಂದು ಆಕಾರವೂ ಇದೆಯೆಂದು ತಿಳಿದು ಆಲಿವರ್ ಕಣ್ಣು ಮುಚ್ಚಿಕೊಂಡ. ಬಾದಾಮಿ ಎಂದು ನಾನೇ ತೀರ್ಮಾನಿಸಿದೆ. “ಗಟ್ಟಿ ಇರಲಿ, ಮೇಲಿಂದ ಇನ್ನೊಂದು ಪದರ ಹಾಕಮ್ಮಾ,” ಎಂದೂ ಆಜ್ಞಾಪಿಸಿದೆ. ಆ ಪದರದ ಬಣ್ಣ ಮಿನುಗುವ ಗುಲಾಬಿ!

“ಇನ್ನು ನೀವು ಒಂದು ಸಹಾಯವೂ ಮಾಡ್ಬೇಡಿ, ಆಯ್ತಾ?” ಎಂದು ಲವೀನಾ ಕೈ ಮುಗಿದು ನಮ್ಮನ್ನು ಬೀಳ್ಕೊಟ್ಟಳು.

ಅಬುಧಾಬಿಯವರೆಗೂ ಆಲಿವರ್ ಸೀಟ್ ಬೆಲ್ಟನ್ನೇ ತಂತಿ ಮಾಡಿಕೊಂಡು ಅಭ್ಯಾಸ ಮಾಡಿದ. ವೇದಿಕೆಯ ಬದಿಯಲ್ಲಿ ಅವನ ಹೆಸರು ಕೂಗಿದಾಗ ನನಗೆ ಪ್ರೀತಿ ಉಕ್ಕಿಬಂತು. “ಆಲ್ ದಿ ಬೆಸ್ಟ್!” ಎಂದು ಅವನ ಬಲಗೈ ಹಿಡಿದು ಜೋರಾಗಿ ಕುಲುಕಿದೆ.

ಕಟಕ್!

ಅವನು ವೇದಿಕೆಗೆ ಹೋದ. ಉಂಗುರ ಬೆರಳಿನ ಗುಲಾಬಿ ಉಗುರು ನನ್ನ ಅಂಗೈಯಲ್ಲಿ ಉಳಿಯಿತು.

ಮೊದಲ ರಚನೆ ಎಡವಿತು. ಬೆವರಿದ್ದು ನಾನು. ಎರಡನೆಯದರಲ್ಲಿ ಅವನು ವೇಗ ಇಳಿಸಿದ. ಇದ್ದ ಬೆರಳುಗಳಿಂದ ಒಂದು ಸ್ವರ ಮೀಟಿ, ಕಾದ. ಇನ್ನೊಂದು ಮೀಟಿ, ಮತ್ತೆ ಕಾದ. ಸಭೆ ಮುಂದಕ್ಕೆ ಬಾಗಿ ಕೇಳಿತು. ಒಂದು ವರ್ಷದಿಂದ ಬಾಗಿಲಾಚೆ ಕೇಳಿದ ಸದ್ದು ಒಂದು ಹಾಡು ಎಂದು ನನಗೆ ಅಂದು ಮೊದಲ ಬಾರಿ ಗೊತ್ತಾಯಿತು. ಲಂಡನ್ನಿನ ಹೆಂಗಸು ಕಣ್ಣು ಮುಚ್ಚಿದ್ದರು. ನಿದ್ದೆಯೆಂದು ನಾನು ಭಾವಿಸಿದ್ದೆ.

ಕಛೇರಿ ಮುಗಿದ ಮೇಲೆ ಅವರು, “ಆಲ್ಬಂ ಮಾಡೋಣ,” ಎಂದರು. “ನಿನ್ನ ವಯಸ್ಸಿನವರೆಲ್ಲ ವಿಪರೀತ ನುಡಿಸುತ್ತಾರೆ. ಇಷ್ಟು ಬಿಟ್ಟು ಬಿಟ್ಟು ನುಡಿಸಲು ನಿನಗೆ ಕಲಿಸಿದವರು ಯಾರು?”

ಆಲಿವರ್ ನನ್ನತ್ತ ಬೆರಳು ತೋರಿಸಿದ. ಬೋಳು ಬೆರಳನ್ನೇ! ನಾನು ಎದ್ದು ವಂದಿಸಿದೆ.

ಮುಂದಿನ ಶನಿವಾರ ಲವೀನಾ ತುರಿಮಣೆಯನ್ನು ನನ್ನ ಮುಂದಿಟ್ಟಳು.

“ಅದನ್ನು ನೋಡಿದ್ರೇ ನನಗೆ ಆ ಟಿಕ್ ಕೇಳಿಸ್ತದೆ ಮಾರಾಯ್ತಿ. ಬೆರಳಿಗೆ ಎಂತಾದ್ರೂ ಆದ್ರೆ?”

“ಆಗ್ಲಿ. ನಿಮ್ಮ ಬೆರಳು ನೋಡ್ಲಿಕ್ಕೆ ಲಂಡನ್‌ನಿಂದ ಯಾರೂ ಬರುದಿಲ್ಲ.”

ಕಂಪನಿಯ ದಪ್ಪ ಕೈಗವಸು ಹಾಕಿಕೊಂಡು ತುರಿಯಲು ಕೂತೆ. ಬೆರಳು ಹತ್ತೂ ಕ್ಷೇಮ. ಸುಕ್ಕದಲ್ಲಿ ಮಾತ್ರ ಕೋಳಿಗಿಂತ ಹೆಚ್ಚು ಗವಸಿನ ನೂಲು ಸಿಕ್ಕಿತು!