ಬೆರಳು ನೋಡಿ ವಿಷಯ ಆರಿಸುವ ಯಂತ್ರ ಮಹಾಶಯರಿಗೆ

ಮಾನ್ಯರೇ,

ಡೊಂಬಿವಿಲಿ ಪೂರ್ವದಲ್ಲಿ, ಫರಸಾಣದ ಕುರುಕುತಿಂಡಿ ಅಂಗಡಿಯ ಮೇಲಿನ ಎರಡನೇ ಮಹಡಿಯ ಕರಿಯರ್ ಕೇಂದ್ರದಲ್ಲಿ, ಏಸಿಯ ತಂಪಿನಲ್ಲಿ ಗಾಜಿನ ಮೇಜಿನ ಮೇಲೆ ವಿರಾಜಮಾನರಾಗಿ, ಬೆರಳು ಒತ್ತಿದ ಮಕ್ಕಳ ಭವಿಷ್ಯವನ್ನು ಮೂವತ್ತೆರಡು ಬಣ್ಣದ ಪುಟಗಳಲ್ಲಿ ಹೊರಹಾಕುವ ತಮ್ಮ ಸನ್ನಿಧಾನಕ್ಕೆ ಅದೇ ಊರಿನ ಗೃಹಿಣಿ ಉಮಾವತಿ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಇರುವ ತನಕ ತಮಗೇನು ಕೊರತೆ? ಗಾತ್ರದಲ್ಲಿ ನಮ್ಮ ಬಚ್ಚಲಿನ ಸೋಪಿನ ಡಬ್ಬಿಯಷ್ಟೇ ಇದ್ದರೂ, ಹೊತ್ತು ಹೆತ್ತು ಹದಿನೇಳು ವರ್ಷ ಸಾಕಿದವರಿಗೆ ಗೊತ್ತಾಗದ್ದನ್ನು ತಾವು ಹದಿನೇಳು ನಿಮಿಷ ಬೆರಳು ನೋಡಿ ಹೇಳಿಬಿಡುತ್ತೀರಿ. ಇಂಥ ಜಾಣರಿಗೆ ದೂರಿನ ಪತ್ರ ಬರೆಯುವುದು ಉದ್ಧಟತನವೇ ಸರಿ, ಆದರೂ ಬರೆಯುತ್ತಿದ್ದೇನೆ.

ನನ್ನ ಮಗಳು ದಿಶಾ ಹನ್ನೊಂದನೆಯ ತರಗತಿಯ ಸೈನ್ಸ್ ಮುಗಿಸಿ ಹನ್ನೆರಡಕ್ಕೆ ಬಂದಿದ್ದಾಳೆ. ಈ ಕೊನೆಯ ವರ್ಷಕ್ಕೆ ಒಂದು ವಿಷಯ ಬದಲಿಸಿಕೊಳ್ಳಲು ಅವಳ ಕಾಲೇಜಿನವರು ಜೂನಿನಲ್ಲಿ ಹದಿನೈದು ದಿನ ಅವಕಾಶ ಕೊಟ್ಟು ಆಮೇಲೆ ಕಿಟಕಿ ಮುಚ್ಚುತ್ತಾರೆ. ಗಣಿತ ಬಿಟ್ಟು ಭೂಗೋಳ ತೆಗೆದುಕೊಳ್ಳುತ್ತೇನೆಂದು ಅವಳ ಹಟ. ಗಣಿತದಲ್ಲಿ ಅವಳಿಗೆ ಬಂದದ್ದು ನೂರಕ್ಕೆ ಮೂವತ್ತಾರು, ಅದೂ ಮಾಸ್ತರರ ಕರುಣೆಯಿಂದ. ಭೂಗೋಳವೆಂದರೆ ಮಾತ್ರ ಊಟ ಬೇಡ, ನಿದ್ದೆ ಬೇಡ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲೆಲ್ಲ ಯಾವ ಗಲ್ಲಿಯ ನೀರು ಎಲ್ಲಿಗೆ ಇಳಿದು ಎಲ್ಲಿ ನಿಲ್ಲುತ್ತದೆ ಎಂಬ ನಕ್ಷೆಗಳು. ಕಳೆದ ಮಳೆಗಾಲದಲ್ಲಿ ಪಕ್ಕದ ದಿವಾ ಊರಿನಲ್ಲಿ ನೆಲಮಹಡಿಯ ಮನೆಯಲ್ಲಿರುವ ನನ್ನ ತಂಗಿ ಪದ್ಮಾವತಿಗೆ ಫೋನು ಮಾಡಿ, "ಚಿಕ್ಕಮ್ಮಾ, ಇಸ್ ಬಾರ್ ಪಾನಿ ಪೀಛೇ ಸೇ ಆಯೇಗಾ, ಅಕ್ಕಿ ಮೇಲಿಡಿ" ಎಂದಿದ್ದಳು. ಮೂರನೇ ದಿನ ನೀರು ಹಿಂದಿನ ಬಾಗಿಲಿನಿಂದಲೇ ಬಂತು, ಪದ್ಮಾವತಿಯ ಅಕ್ಕಿ ಒಣಗಿಯೇ ಇತ್ತು.

ಇದೆಲ್ಲ ಬರೀ ಕಣ್ಣಿಗೆ ಕಂಡ ಸಾಕ್ಷಿ, ಯಂತ್ರದ ಸಾಕ್ಷಿಯಲ್ಲವಲ್ಲ! ನನ್ನ ಪತಿ ಭುಜಂಗರು ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನು ನಡೆಸುವವರು. ಹಿಟ್ಟು ರುಬ್ಬುವುದರಿಂದ ಹಿಡಿದು ಆಳುಗಳ ಹಾಜರಿಯವರೆಗೆ ಎಲ್ಲವನ್ನೂ ಯಂತ್ರಕ್ಕೊಪ್ಪಿಸಿ ನೆಮ್ಮದಿ ಕಂಡವರು. ನಮ್ಮ ಸೊಸೈಟಿಯ ಸೆಕ್ರೆಟರಿ ಮುರಾರಿಯವರು ಲಿಫ್ಟಿನಲ್ಲಿ ಸಿಕ್ಕಿ, ಅವರ ಮಗ ಮನೀಷನ ವಿಷಯಗಳನ್ನು ತಾವೇ ಆರಿಸಿಕೊಟ್ಟಿರೆಂದು ಹೇಳಿದ್ದೇ ತಡ, ನಮ್ಮ ಮನೆಯವರು ಮೂರನೇ ಮಹಡಿ ಬರುವುದರೊಳಗೆ ನಮ್ಮ ಹೆಸರನ್ನೂ ಬುಕ್ ಮಾಡಿಬಿಟ್ಟರು. ನಾನು ಏನೋ ಹೇಳಹೋದರೆ, "ಮನುಷ್ಯರು ಹೇಳಿದ್ರೆ ಅದ್ರಲ್ಲಿ ಸ್ವಾರ್ಥ ಇರ್ತದೆ. ಮಿಷನ್ ಸುಳ್ಳು ಹೇಳುದಿಲ್ಲ ಮಾರಾಯ್ತಿ" ಎಂದು ಬಾಯಿ ಮುಚ್ಚಿಸಿದರು.

ಮಾನ್ಯರೇ, ಆ ಶನಿವಾರ ತಮ್ಮೆದುರು ನಡೆದದ್ದನ್ನು ತಾವು ಮರೆತಿರಲಾರಿರಿ. ಮನೆಯವರು ಕ್ಯಾಂಟೀನಿನಲ್ಲಿದ್ದುದರಿಂದ ಅವಳ ಜೊತೆ ಬಂದವಳು ನಾನು. ಬಿಸಿಲಲ್ಲಿ ಬಂದ ದಿಶಾಳ ಅಂಗೈ ಬೆವರಿತ್ತು. ಒಂದೊಂದು ಬೆರಳಿಟ್ಟಾಗಲೂ ತಾವು ಕೆಂಪು ದೀಪ ಹಾಕಿ ಕುಂಯ್ ಎಂದು ಮುನಿಸು ತೋರಿದಿರಿ. ತಮ್ಮ ಸೇವೆಗಿದ್ದ ಪೂನಂ ಎಂಬ ಹುಡುಗಿ ದಿಶಾಳನ್ನು ಕೈ ತೊಳೆದು ಬರಲು ಕಳಿಸಿ, ಗಡಿಯಾರ ನೋಡಿ, ಹೊರಗೆ ಕಾದಿದ್ದ ಹನ್ನೊಂದು ಜನರನ್ನು ನೋಡಿ, "ಆಂಟಿ, ಆಪ್ ಹೀ ಉಂಗ್ಲಿ ದೇ ದೋ ನಾ, ಖೂನ್ ತೋ ಏಕ್ ಹೀ ಹೈ" ಎಂದಳು. ಅಮ್ಮ ಮಗಳ ರಕ್ತ ಒಂದೇ ಅಲ್ಲವೇ ಎಂದು ನಾನು ಪೆದ್ದಿಯ ಹಾಗೆ ಬೆರಳು ಕೊಟ್ಟೆ. ಹತ್ತೂ ಬೆರಳುಗಳಿಗೆ ತಾವು ಹಸಿರು ದೀಪ ಬೆಳಗಿದಿರಿ! ಮಗಳು ಕೈ ಒರೆಸಿಕೊಂಡು ಬರುವಾಗ ಪೂನಂ "ಹೋ ಗಯಾ" ಎಂದು ಮುಂದಿನವರನ್ನು ಕರೆದಾಗಿತ್ತು.

ಇಲ್ಲಿ ತಮ್ಮನ್ನು ಹೊಗಳದೆ ಇರಲಾರೆ. ಇಪ್ಪತ್ತೆರಡು ವರ್ಷ ಪಾತ್ರೆ ತಿಕ್ಕಿ ಸವೆದ ನನ್ನ ಹೆಬ್ಬೆರಳನ್ನು ರೇಷನ್ ಅಂಗಡಿಯ ಯಂತ್ರ ಇಂದಿಗೂ ಒಪ್ಪುವುದಿಲ್ಲ. ಆಧಾರಿನ ಯಂತ್ರ ಮೂರು ಸಲ ವಾಪಸು ಕಳಿಸಿದೆ. ಸರಕಾರಕ್ಕೆ ಗುರುತು ಸಿಗದ ನನ್ನನ್ನು ತಾವೊಬ್ಬರೇ ಗುರುತಿಸಿದಿರಿ, ಆದರೆ ಮಗಳ ಹೆಸರಿನಲ್ಲಿ.

ವರದಿ ಬಂದ ದಿನ ನಮ್ಮ ಮನೆಯವರು ಅದನ್ನು ಊಟದ ಮೇಜಿನಲ್ಲಿಟ್ಟು ಗಟ್ಟಿಯಾಗಿ ಓದಿದರು. ಗಣಿತದ ಪ್ರತಿಭೆ ನೂರಕ್ಕೆ ತೊಂಬತ್ತನಾಲ್ಕು, ಕಡ್ಡಾಯವಾಗಿ ಮುಂದುವರಿಸತಕ್ಕದ್ದು. ದಿಕ್ಕುಗಳ ಅರಿವು ಅತ್ಯಂತ ದುರ್ಬಲ, ಭೂಗೋಳ ಖಂಡಿತ ಕೂಡದು. ಸಿಟ್ಟು ನುಂಗಿಕೊಂಡು ನಗುವ ಸ್ವಭಾವ. ಠಾಣೆಯಲ್ಲಿ ಖಾರಘರಕ್ಕೆಂದು ರೈಲು ಹತ್ತಿ ಎರಡು ಬಾರಿ ದಾರಿ ತಪ್ಪಿ ವಾಶಿಯಲ್ಲಿ ಇಳಿದವಳು ಯಾರು ಎಂಬುದು ಆ ಮೇಜಿನ ಸುತ್ತ ಕೂತ ಮೂವರಿಗೂ ಗೊತ್ತಿತ್ತು, ಆದರೆ ನನ್ನನ್ನು ಬಿಟ್ಟು ಯಾರಿಗೂ ಹೊಳೆಯಲಿಲ್ಲ. ದಿಶಾ ಮಾತ್ರ ತಟ್ಟೆ ಸರಿಸಿ, "ಅಮ್ಮಾ, ಯೇ ಮೈ ಹೂಂ ಹೀ ನಹೀ" ಎಂದಳು. ಮೂವತ್ತೆರಡು ಪುಟಗಳಿಗಿಂತ, ಇದು ನಾನೇ ಅಲ್ಲ ಎಂಬ ಆ ಒಂದು ಮಾತೇ ನಿಜವಾಗಿತ್ತು.

ಆಗ ನಾನೇನು ಮಾಡಿದೆ? ಹುಳಿ ಬಡಿಸಿದೆ. ಎಂಟು ದಿನ ಬಾಯಿ ಬಿಡಲಿಲ್ಲ. ಗಂಡನ ಹೆದರಿಕೆಯಿಂದ ಎಂದುಕೊಳ್ಳಬೇಡಿ, ಕಾರಣ ಅದಕ್ಕಿಂತ ನಾಚಿಕೆಗೇಡಿನದು. ಕಾರ್ಕಳದಲ್ಲಿ ಎಸ್ಸೆಸ್ಸೆಲ್ಸಿ ಓದುವಾಗ ಗಣಿತದಲ್ಲಿ ನನಗೆ ತೊಂಬತ್ತಾರು ಬಂದಿತ್ತು. ಕಾಲೇಜಿನ ಫಾರ್ಮು ಮನೆಗೆ ತಂದ ದಿನವೇ "ಹುಡುಗಿಗೆ ಇಷ್ಟು ಸಾಕು" ಎಂದು ಅದನ್ನು ಮಡಚಿ ಇಟ್ಟರು, ಕೆಲವು ವರ್ಷಕ್ಕೆ ಬೊಂಬಾಯಿಯ ಗಂಡು ಗೊತ್ತಾಯಿತು. ಆಮೇಲೆ ನನ್ನ ಗಣಿತವೆಲ್ಲ ಮುನ್ನೂರು ಜನರ ಇಡ್ಲಿಗೆ ಎಷ್ಟು ಉದ್ದು ನೆನೆಸಬೇಕೆಂಬಲ್ಲಿಗೆ ಮುಗಿಯಿತು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಯಾರೋ, ಸೋಪಿನ ಡಬ್ಬಿಯಷ್ಟಿರುವವರಾದರೂ, ನಿನಗೆ ಗಣಿತ ಬರುತ್ತದೆ ಎಂದರೆ ಹೊಟ್ಟೆ ತಣ್ಣಗಾಗದೆ ಇರುತ್ತದೆಯೇ? ಮಧ್ಯಾಹ್ನ ಯಾರೂ ಇಲ್ಲದಾಗ ಆ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಅತ್ತ ಮಗಳು ಮಾತು ನಿಲ್ಲಿಸಿದ್ದಳು. ಎಂಟನೇ ದಿನ ಬಾಗಿಲ ಬಳಿ ರದ್ದಿಯವನಿಗೆಂದು ಇಟ್ಟ ಪೇಪರಿನ ಕಟ್ಟಿನಲ್ಲಿ ಅವಳ ನಕ್ಷೆಗಳೆಲ್ಲ ಸುರುಳಿಯಾಗಿ ಬಿದ್ದಿದ್ದವು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಎಲ್ಲವನ್ನೂ ಅವಳಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಆಠ್ ದಿನ್, ಅಮ್ಮಾ?" ಎಂದು ಎದ್ದು ಹೋದಳು. ಮರುದಿನ ಸಂಜೆ ತಾನಾಗಿಯೇ ಹನ್ನೊಂದನೆಯ ಗಣಿತದ ಪುಸ್ತಕ ತಂದು ಎದುರಿಗಿಟ್ಟು, "ಸಚ್ ಮೇ ಆತಾ ಹೈ ಕ್ಯಾ? ಮಾಡಿ ತೋರಿಸು" ಎಂದಳು. ನಾಲ್ಕು ಲೆಕ್ಕದಲ್ಲಿ ಮೂರು ಸರಿಯಾದವು. ನಾಲ್ಕನೆಯದನ್ನು ಅವಳೂ ನಾನೂ ಸೇರಿ ತಪ್ಪು ಮಾಡಿದೆವು.

ಆದ್ದರಿಂದ ಮಹಾಶಯರೇ, ನನ್ನ ಕೆಲವು ವಿನಮ್ರ ಬೇಡಿಕೆಗಳನ್ನು ಮನ್ನಿಸಬೇಕು. ದಿಶಾ ಗಣಿತವನ್ನೇ ಓದತಕ್ಕದ್ದೆಂಬ ತಮ್ಮ ಆಜ್ಞೆ ಕಾಯಂ ಆಗಿದ್ದರೆ, ಫೆಬ್ರವರಿಯಲ್ಲಿ ಪರೀಕ್ಷೆಗೆ ತಾವೇ ಹಾಲ್ ಟಿಕೆಟ್ ಕುತ್ತಿಗೆಗೆ ತೂಗಿಸಿಕೊಂಡು, ಡೊಂಬಿವಿಲಿಯಿಂದ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗಿ ಬರೆದು ಬರಬೇಕು. ರೇಷನ್ ಅಂಗಡಿಯಲ್ಲಿರುವ ತಮ್ಮ ದಾಯಾದಿಗೆ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕು. ಹಾಗೆಯೇ ಕಲ್ಯಾಣದಿಂದ ಠಾಣೆಯವರೆಗೆ ತಮ್ಮ ಮಾತು ನಂಬಿ ಕೂತ ಮಕ್ಕಳಲ್ಲಿ ಎಷ್ಟು ಜನ ಅಮ್ಮನ ವಿಷಯ ಓದುತ್ತಿದ್ದಾರೆ, ಎಷ್ಟು ಜನ ಹೊರಗೆ ಕಾದಿದ್ದ ಅಜ್ಜನದು ಓದುತ್ತಿದ್ದಾರೆ ಎಂದು ಒಂದು ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಬೇಕು. ಮನೀಷನ ಹೆಸರನ್ನು ಮೊದಲು ನೋಡಿ. ಆ ಹುಡುಗ ಅಕೌಂಟ್ಸ್ ಪುಸ್ತಕ ಹಿಡಿದು ಲಿಫ್ಟಿನ ಮೂಲೆಯಲ್ಲಿ ನಿಲ್ಲುವ ರೀತಿ ನೋಡಿದರೆ ಅದೂ ಬೇರೆ ಯಾರದೋ ಬೆರಳೇ ಇರಬೇಕು ಎನಿಸುತ್ತದೆ.

ಈ ಪತ್ರವನ್ನು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಕಳಿಸುತ್ತಿದ್ದೇನೆ. ನಮ್ಮ ಮನೆಯವರು ಮೊದಲ ಅಕ್ಷರದಿಂದ ಕೊನೆಯ ಜಾಹೀರಾತಿನವರೆಗೆ ಓದುವುದು ಅದೊಂದನ್ನೇ. ಅದು ಅಚ್ಚಾಗಿ ಅವರ ಕೈ ಸೇರುವಷ್ಟರಲ್ಲಿ ಕಾಲೇಜಿನ ಕಿಟಕಿ ಮುಚ್ಚಿ ಎರಡು ವಾರವಾಗಿರುತ್ತದೆ. ಭೂಗೋಳದ ಫಾರ್ಮಿನಲ್ಲಿ ಪೋಷಕರ ಸಹಿ ಎಂದಿದ್ದಲ್ಲಿ ನಿನ್ನೆ ನಾನೇ ಸಹಿ ಹಾಕಿ, ಕಿಟಕಿಯೊಳಗೆ ಕೊಟ್ಟು, ರಸೀದಿ ತಂದಿದ್ದೇನೆ. ನಕ್ಷೆಗಳು ರದ್ದಿಯಿಂದ ಗೋಡೆಗೆ ಬಂದಿವೆ.

ಹತ್ತೂ ಬೆರಳುಗಳ ಸಾಕ್ಷಿಯಾಗಿ ತಮ್ಮ ವಿಶ್ವಾಸಿ,
ಉಮಾವತಿ
ಡೊಂಬಿವಿಲಿ ಪೂರ್ವ

ವಿ.ಸೂ.: ತಮ್ಮ ಪ್ರತಿಭಾ ಪರೀಕ್ಷೆಯನ್ನು ವ್ಯರ್ಥ ಮಾಡಬಾರದಲ್ಲ! ಕಾಲೇಜಿಗೆ ಹೋಗದವರೂ ಹನ್ನೆರಡನೆಯ ಪರೀಕ್ಷೆಗೆ ಕೂರಲು ತುಂಬುವ ಹದಿನೇಳು ನಂಬರಿನ ಫಾರ್ಮನ್ನು ನನ್ನ ಹೆಸರಿನಲ್ಲಿ ತುಂಬಲು ಹೊರಟಿದ್ದೇನೆ, ಗಣಿತ ಸಹಿತ. ತಮ್ಮ ವರದಿಯ ಕೊನೆಯ ಪುಟದಲ್ಲಿ, "ಈ ಬೆರಳಿನ ವಿದ್ಯಾರ್ಥಿನಿಗೆ ದಿನಕ್ಕೆ ಮೂರು ಗಂಟೆ ಅಡುಗೆ ಮತ್ತು ಮನೆಗೆಲಸದಿಂದ ಬಿಡುವು ಕೊಡುತ್ತೇವೆ" ಎಂಬ ಪೋಷಕರ ಒಪ್ಪಿಗೆಯಿದೆ. ಅದರ ಕೆಳಗೆ ನಮ್ಮ ಮನೆಯವರು ಅಂದೇ, ಓದಿ ನೋಡಿ, ಸಹಿ ಹಾಕಿದ್ದಾರೆ. ಮಿಷನ್ ಸುಳ್ಳು ಹೇಳುದಿಲ್ಲವಷ್ಟೆ. ಪತ್ರಿಕೆ ಅವರ ಕೈ ಸೇರಿದ ಮೇಲಿನ ಸೋಮವಾರದಿಂದ ಸಂಜೆಯ ಅಡುಗೆ ಅವರದು.